ಜಪಾನಿನ ರಾಕ್ ಇಷ್ಟು ತಡವಾಗಿ ಊರು ಬಿಟ್ಟಿದ್ದೇಕೆ?

2016ರ ಏಪ್ರಿಲ್‌ನಲ್ಲಿ ಬೇಬಿಮೆಟಲ್ ತಂಡದ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 39ನೇ ಸ್ಥಾನಕ್ಕೆ ಬಂತು. ಜಪಾನಿನ ಕಲಾವಿದರೊಬ್ಬರು ಆ ಪಟ್ಟಿಯ ಮೊದಲ ನಲವತ್ತರೊಳಗೆ ಹಿಂದೆ ಬಂದದ್ದು ಯಾವಾಗ ಎಂದು ಪತ್ರಿಕೆಗಳು ಹುಡುಕಿದಾಗ ಸಿಕ್ಕ ಹೆಸರು ಕ್ಯೂ ಸಕಮೊತೊ, ವರ್ಷ 1963. ನಡುವೆ 53 ವರ್ಷದ ಖಾಲಿ. ಅದಾಗಿ ಒಂಬತ್ತೇ ವರ್ಷಕ್ಕೆ, 2025ರ ಆಗಸ್ಟ್‌ನಲ್ಲಿ, ಅದೇ ಬೇಬಿಮೆಟಲ್ ಮೊದಲ ಹತ್ತರೊಳಗೆ ಕಾಲಿಟ್ಟಿತು. ಆ ಆಲ್ಬಮ್‌ನ ಒಂದು ಹಾಡಿನಲ್ಲಿ ದೆಹಲಿಯ ಮೆಟಲ್ ತಂಡ ಬ್ಲಡಿವುಡ್ ಕೂಡ ಇದೆ.

ಆ 53 ವರ್ಷ ಜಪಾನಿನಲ್ಲಿ ರಾಕ್ ಇರಲಿಲ್ಲವೇ? ಇತ್ತು, ಭರ್ಜರಿಯಾಗಿಯೇ ಇತ್ತು. ಅಮೆರಿಕ ಬಿಟ್ಟರೆ ಪ್ರಪಂಚದ ಅತಿ ದೊಡ್ಡ ಸಂಗೀತ ಮಾರುಕಟ್ಟೆ ಜಪಾನಿನದೇ. ಲಕ್ಷ ಜನ ಸೇರುವ ಕಾರ್ಯಕ್ರಮಗಳೂ, ಹತ್ತಾರು ಲಕ್ಷ ಪ್ರತಿ ಖರ್ಚಾಗುವ ಹಾಡುಗಳೂ ಅಲ್ಲಿದ್ದವು. ಆದರೂ ಹೊರಗಿನವರ ಕಿವಿಗೆ ಬಿದ್ದದ್ದು ಬಹಳ ಕಡಿಮೆ. ಇದಕ್ಕೆ ಎಲ್ಲರೂ ಕೊಡುವ ಉತ್ತರ ಭಾಷೆ. ನನಗೆ ಅದು ಅರ್ಧ ಸತ್ಯವಾಗಿ ಮಾತ್ರ ಕಾಣುತ್ತದೆ. ಮನೆಯಲ್ಲೇ ಹೊಟ್ಟೆ ತುಂಬುವವನು ಪರವೂರಿನ ದಾರಿ ಹಿಡಿಯುವುದಿಲ್ಲ. ಈಗ ಮನೆಯ ಅಡುಗೆ ಕಡಿಮೆಯಾಗುತ್ತಿದೆ, ಅದಕ್ಕೇ ಹೊರಟಿದ್ದಾರೆ.

ಮೊದಲಿನಿಂದ ನೋಡೋಣ. 1945ರಲ್ಲಿ ಯುದ್ಧ ಸೋತ ಮೇಲೆ ಯೊಕೊಸುಕ, ತಚಿಕಾವ, ಯೊಕೊತಾ ಮುಂತಾದ ಕಡೆ ಅಮೆರಿಕದ ಸೇನಾನೆಲೆಗಳು ಬಂದವು. ಸೈನಿಕರ ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ಜಾಜ್, ಕಂಟ್ರಿ ನುಡಿಸಲು ವಾದಕರು ಬೇಕಿತ್ತು. ಹಸಿದ ನಗರದಲ್ಲಿ ಅದು ಒಳ್ಳೆಯ ಸಂಪಾದನೆಯ ಕೆಲಸ. ಹಾಗೆ ಬಾಸ್ ನುಡಿಸುತ್ತಿದ್ದ ಶಿನ್ ವತನಾಬೆ 1955ರಲ್ಲಿ ಹೆಂಡತಿ ಮಿಸಾ ಜೊತೆ ಸೇರಿ ಕಲಾವಿದರನ್ನು ನೋಡಿಕೊಳ್ಳುವ ಕಂಪನಿ ತೆರೆದರು. ಕಂಟ್ರಿ ತಂಡವೊಂದರಲ್ಲಿದ್ದ ತಕೆಒ ಹೊರಿ ಕಟ್ಟಿದ್ದು ಹೊರಿಪ್ರೊ. ಇವೆರಡೂ ಮುಂದೆ ಟಿವಿ, ಸಿನಿಮಾ, ಹಾಡು ಎಲ್ಲವನ್ನೂ ಆಳಿದ ಸಂಸ್ಥೆಗಳು. 1958ರ ಫೆಬ್ರವರಿಯಲ್ಲಿ ಟೋಕಿಯೊದ ನಿಚಿಗೆಕಿ ರಂಗಮಂದಿರದಲ್ಲಿ 'ವೆಸ್ಟರ್ನ್ ಕಾರ್ನಿವಲ್' ನಡೆದು, ಹುಡುಗಿಯರು ವೇದಿಕೆಗೆ ರಿಬ್ಬನ್ ಎಸೆದು ಕಿರುಚಾಡಿದಾಗ ಅದರ ಹಿಂದಿದ್ದವರು ಇದೇ ಮಿಸಾ ವತನಾಬೆ. ರಾಕ್ ಅಮೆರಿಕದಲ್ಲಿ ಬೀದಿಯಿಂದ ಕಂಪನಿಗೆ ಹೋಯಿತು. ಜಪಾನಿನಲ್ಲಿ ಹುಟ್ಟುತ್ತಲೇ ಕಂಪನಿಯ ಕೈಯಲ್ಲಿತ್ತು. ಈ ಮಾತು ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ.

1965ರ ಹೊತ್ತಿಗೆ ಅಮೆರಿಕದ ವೆಂಚರ್ಸ್ ತಂಡ ಬಂದು ಹೋದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಹುಚ್ಚು ಹಿಡಿಯಿತು. ಅದನ್ನು ಜನ 'ಎರೆಕಿ' ಎಂದೇ ಕರೆದರು. ಆಶಿಕಾಗ ಎಂಬ ಊರಿನ ಶಿಕ್ಷಣ ಮಂಡಳಿ ವಿದ್ಯಾರ್ಥಿಗಳು ಎರೆಕಿ ಮುಟ್ಟಬಾರದೆಂದು ನಿಷೇಧವನ್ನೇ ಹೊರಡಿಸಿತು, ಬೇರೆ ಊರುಗಳೂ ಅದೇ ದಾರಿ ಹಿಡಿದವು. ಗಿಟಾರ್ ವಾದಕ ತಕೇಶಿ ತೆರಾವುಚಿ ಇದಕ್ಕೆ ಉತ್ತರವಾಗಿ ಶಾಲೆ ಶಾಲೆಗೆ ಹೋಗಿ ನುಡಿಸಿ ಬಂದರು. ಮರುವರ್ಷ ಬೀಟಲ್ಸ್ ಬಂದರು. ಜೂನ್ 30ರಿಂದ ಜುಲೈ 2ರವರೆಗೆ ಬುಡೊಕಾನ್‌ನಲ್ಲಿ ಐದು ಪ್ರದರ್ಶನ. 1964ರ ಒಲಿಂಪಿಕ್ಸ್‌ನ ಜೂಡೊಗೆಂದು ಕಟ್ಟಿದ ಆ ಭವನವನ್ನು ಉದ್ದಕೂದಲಿನವರು ಮೈಲಿಗೆ ಮಾಡುತ್ತಾರೆಂದು ಬಲಪಂಥೀಯರು ಬೀದಿಗಿಳಿದರು, ಸರಕಾರ ಸಾವಿರಗಟ್ಟಲೆ ಪೊಲೀಸರನ್ನು ನಿಲ್ಲಿಸಿತು. ಇವತ್ತು ಬುಡೊಕಾನ್‌ನಲ್ಲಿ ಹಾಡುವುದೇ ಜಪಾನಿನ ಪ್ರತಿ ತಂಡದ ಕನಸು.

ಬೀಟಲ್ಸ್ ನಂತರ ಎರಡು ಮೂರು ವರ್ಷ 'ಗ್ರೂಪ್ ಸೌಂಡ್ಸ್' ಎಂಬ ಅಲೆ. ಸ್ಪೈಡರ್ಸ್, ಟೈಗರ್ಸ್, ಬ್ಲೂ ಕಾಮೆಟ್ಸ್. ಒಂದೇ ಥರದ ಸೂಟು, ವೃತ್ತಿಪರ ಗೀತಕಾರರು ಬರೆದುಕೊಟ್ಟ ಹಾಡು. ಗೋಲ್ಡನ್ ಕಪ್ಸ್‌ನಂಥವರು ಕ್ಲಬ್ಬಿನಲ್ಲಿ ಕಟುವಾದ ಬ್ಲೂಸ್ ನುಡಿಸಿ, ರೆಕಾರ್ಡಿನಲ್ಲಿ ಮಾತ್ರ ಕಂಪನಿ ಹೇಳಿದ ಮೆದು ಹಾಡು ಹಾಡುತ್ತಿದ್ದರು. ಆ ಅಲೆ ಬೇಗ ಇಳಿಯಿತು.

ನಿಜವಾದ ತಕರಾರು ಶುರುವಾದದ್ದು 1970ರ ಆಸುಪಾಸು. ಜಪಾನಿನಲ್ಲಿ ಅದನ್ನು 'ಜಪಾನೀ ಭಾಷೆಯ ರಾಕ್ ವಾಗ್ವಾದ' ಎಂದು ಇವತ್ತಿಗೂ ನೆನೆಯುತ್ತಾರೆ. ಒಂದು ಕಡೆ ಯೂಯಾ ಉಚಿದಾ. ಬುಡೊಕಾನ್‌ನಲ್ಲಿ ಬೀಟಲ್ಸ್‌ಗೆ ಮುಂಚೆ ವೇದಿಕೆ ಹತ್ತಿ ಹಾಡಿದವರಲ್ಲಿ ಒಬ್ಬರು. ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಕಟ್ಟಿ ಬೆಳೆಸಿದವರು. ಅವರ ವಾದ ಸರಳ: ರಾಕ್ ಪ್ರಪಂಚಕ್ಕೆ ತಲುಪಬೇಕೆಂದರೆ ಇಂಗ್ಲಿಷಿನಲ್ಲಿ ಹಾಡಬೇಕು, ಮೇಲಾಗಿ ಜಪಾನೀ ಪದಗಳು ಆ ಲಯಕ್ಕೆ ಕೂರುವುದಿಲ್ಲ. ಇನ್ನೊಂದು ಕಡೆ ಹ್ಯಾಪಿ ಎಂಡ್ ಎಂಬ ನಾಲ್ವರ ತಂಡ: ಹರುಓಮಿ ಹೊಸೊನೊ, ಏಯಿಚಿ ಓತಾಕಿ, ಶಿಗೆರು ಸುಜುಕಿ ಮತ್ತು ಡ್ರಮ್ಸ್ ಬಾರಿಸುತ್ತಲೇ ಸಾಹಿತ್ಯವನ್ನೂ ಬರೆಯುತ್ತಿದ್ದ ತಕಾಶಿ ಮತ್ಸುಮೊತೊ. ಅವರು ಜಪಾನೀ ಭಾಷೆಯಲ್ಲೇ ಹಾಡಿದರು.

ಉಚಿದಾ ಎತ್ತಿದ ಲಯದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಜಪಾನೀ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಪ್ರತಿ ಮಾತ್ರೆಗೂ ಸರಿಸುಮಾರು ಒಂದೇ ತೂಕ. ಇಂಗ್ಲಿಷಿನ ಒಂದಕ್ಷರದ ಪದ ವ್ಯಂಜನದಲ್ಲಿ ಪಟ್ಟನೆ ನಿಂತು ಡ್ರಮ್ಮಿನ ಪೆಟ್ಟಿನ ಜೊತೆ ಸೇರಿಕೊಳ್ಳುತ್ತದೆ. ಜಪಾನೀ ಪದ ಹಾಗೆ ನಿಲ್ಲದೆ ಹರಿದುಹೋಗುತ್ತದೆ. ಕನ್ನಡದಲ್ಲಿ ರಾಕ್ ಹಾಡಲು ಹೊರಟವರಿಗೆ ಈ ಕಷ್ಟ ಹೊಸದಲ್ಲ, ನಮ್ಮ ಪದಗಳೂ ಸ್ವರಾಂತವೇ. ಹ್ಯಾಪಿ ಎಂಡ್ 1971ರ ತಮ್ಮ ಎರಡನೇ ಆಲ್ಬಮ್‌ನಲ್ಲಿ ಪದವನ್ನು ಅದರ ಸಹಜ ಜಾಗದಲ್ಲಿ ಮುರಿಯದೆ ತಾಳಕ್ಕೆ ಬೇಕಾದ ಕಡೆ ಮುರಿದರು, ಸ್ವರವನ್ನು ಎಳೆದರು, ಅರ್ಥ ಮುಂದಿನ ಸಾಲಿಗೆ ಜಿಗಿಯಲು ಬಿಟ್ಟರು. ಕೆಲವು ವರ್ಷಗಳ ನಂತರ, 1978ರಲ್ಲಿ ಬಂದ ಸದರ್ನ್ ಆಲ್ ಸ್ಟಾರ್ಸ್‌ನ ಕೆಯಿಸುಕೆ ಕುವಾತಾ ಇನ್ನೂ ಧಾರ್ಷ್ಟ್ಯದ ದಾರಿ ಹಿಡಿದರು. ಜಪಾನೀ ಪದಗಳನ್ನೇ ಇಂಗ್ಲಿಷ್ ಉಚ್ಚಾರದಲ್ಲಿ ಮೆದ್ದು, ಅರ್ಧ ನುಂಗಿ ಹಾಡಿದರು. ಹಿರಿಯರಿಗೆ ಒಂದಕ್ಷರ ತಿಳಿಯಲಿಲ್ಲ, ಹುಡುಗರಿಗೆ ಅದೇ ಬೇಕಿತ್ತು.

ವಾಗ್ವಾದದಲ್ಲಿ ಗೆದ್ದವರು ಯಾರು? ಉಚಿದಾ ಬೆಳೆಸಿದ ತಂಡ ಕೆನಡಾಕ್ಕೆ ಹೋಯಿತು, 1971ರ ಅವರ ಆಲ್ಬಮ್ ಇವತ್ತು ಪ್ರಪಂಚದ ಹಳೆ ಹೆವಿ ರಾಕ್ ಪ್ರಿಯರ ಪಾಲಿಗೆ ಪೂಜ್ಯ. ಆದರೆ ಆ ಕಾಲದಲ್ಲಿ ದೊಡ್ಡದಾಗಿ ಗೆಲ್ಲಲಿಲ್ಲ, ತಂಡ ಬೇಗ ಚದುರಿತು. ಹ್ಯಾಪಿ ಎಂಡ್ ಕೂಡ 1973ರೊಳಗೆ ಮುಗಿಯಿತು. ಆದರೆ ಅದರ ಸದಸ್ಯರನ್ನು ನೋಡಿ. ಮತ್ಸುಮೊತೊ ಎಂಬತ್ತರ ದಶಕದಲ್ಲಿ ಸೆಯಿಕೊ ಮತ್ಸುದಾ ಥರದ ತಾರೆಯರಿಗೆ ಸಾಲು ಸಾಲು ಜನಪ್ರಿಯ ಗೀತೆ ಬರೆದರು. ಓತಾಕಿ, ಸುಜುಕಿ ಈಗ 'ಸಿಟಿ ಪಾಪ್' ಎಂದು ಯುವಕರು ಹುಡುಕಿ ಕೇಳುವ ಸಂಗೀತಕ್ಕೆ ಬುನಾದಿ ಹಾಕಿದರು. ಹೊಸೊನೊ 1978ರಲ್ಲಿ ರ್‍ಯೂಇಚಿ ಸಕಮೊತೊ, ಯುಕಿಹಿರೊ ತಕಹಾಶಿ ಜೊತೆ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದರು. ವಿಚಿತ್ರವೆಂದರೆ, ಜಪಾನೀ ಭಾಷೆಗಾಗಿ ವಾದಿಸಿದವರ ಪೈಕಿ ಹೊರದೇಶದಲ್ಲಿ ಹೆಸರು ಮಾಡಿದ ಹೊಸೊನೊ ಅದನ್ನು ಮಾಡಿದ್ದು ಬಹುತೇಕ ಮಾತೇ ಇಲ್ಲದ ಸಿಂಥಸೈಜರ್ ಸಂಗೀತದಿಂದ. 2025ರ ಮೇ ತಿಂಗಳಲ್ಲಿ ಕ್ಯೋಟೊದಲ್ಲಿ ನಡೆದ ಮೊದಲ 'ಮ್ಯೂಸಿಕ್ ಅವಾರ್ಡ್ಸ್ ಜಪಾನ್' ಸಮಾರಂಭಕ್ಕೆ ಆರಿಸಿಕೊಂಡ ಸಂಕೇತಗೀತೆಯೂ ಈ ಮೂವರ ಹಳೆಯ ಹಾಡಿನ ಹೊಸ ರೂಪವೇ. ಸಕಮೊತೊ, ತಕಹಾಶಿ ಇಬ್ಬರೂ 2023ರಲ್ಲಿ ತೀರಿಕೊಂಡಿದ್ದರು.

ಜಪಾನಿನ ರಾಕ್ ಸಾಧು ಎಂಬ ಮಾತು ಹೊರಗೆ ಚಾಲ್ತಿಯಲ್ಲಿದೆ. ಬಂಡಾಯಕ್ಕೆ ಕೊರತೆಯೇನೂ ಇರಲಿಲ್ಲ. ಕ್ಯೋಟೊದ ಲೆ ರಲೀಜ್ ದೆನ್ಯೂದೆ ತಂಡದ ಮೊದಲ ಬಾಸ್ ವಾದಕ ಮೊರಿಯಾಕಿ ವಕಬಯಾಶಿ 1970ರ ಮಾರ್ಚ್‌ನಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ಗುಂಪಿನಲ್ಲಿದ್ದರು. ಅದಕ್ಕಿಂತ ಹೇಳಬೇಕಾದದ್ದು ಆರ್‌ಸಿ ಸಕ್ಸೆಶನ್ ಪ್ರಸಂಗ. ಕಿಯೊಶಿರೊ ಇಮಾವಾನೊ ನಾಯಕತ್ವದ ಈ ತಂಡ 1988ರಲ್ಲಿ ಹಳೆಯ ಇಂಗ್ಲಿಷ್ ಹಾಡುಗಳಿಗೆ ಜಪಾನೀ ಸಾಹಿತ್ಯ ಹಾಕಿ ಒಂದು ಆಲ್ಬಮ್ ಮಾಡಿತು. ಹಿಂದಿನ ತಲೆಮಾರು ಕುಣಿದಿದ್ದ ರಾಕ್ ಅಂಡ್ ರೋಲ್ ಹಾಡೊಂದು ಈಗ ಪರಮಾಣು ಸ್ಥಾವರಗಳು ಸಾಲಾಗಿ ಏಳುತ್ತಿರುವುದನ್ನು ಗೇಲಿ ಮಾಡುತ್ತಿತ್ತು. ಹೊರತರಬೇಕಿದ್ದ ಕಂಪನಿ ತೋಷಿಬಾ ಇಎಂಐ. ಅದರ ಮಾತೃಸಂಸ್ಥೆ ತೋಷಿಬಾ ತಯಾರಿಸುತ್ತಿದ್ದ ಸರಕಿನಲ್ಲಿ ಪರಮಾಣು ರಿಯಾಕ್ಟರೂ ಒಂದು. ಬಿಡುಗಡೆಗೆ ಗೊತ್ತುಮಾಡಿದ್ದ ದಿನ ಆಗಸ್ಟ್ 6, ಹಿರೋಶಿಮಾ ದಿನ. ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ತೀರಾ ಅದ್ಭುತವಾಗಿರುವುದರಿಂದ ಬಿಡುಗಡೆ ಮಾಡಲಾಗುವುದಿಲ್ಲ ಎಂದಿತು. ಇಷ್ಟು ನಯವಾಗಿ ಬಾಯಿ ಮುಚ್ಚಿಸಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಆಗಸ್ಟ್ 15ರಂದು ಬೇರೊಂದು ಕಂಪನಿ ಅದನ್ನು ಹೊರತಂದಿತು, ಆಲ್ಬಮ್ ಪಟ್ಟಿಯ ತುದಿಗೇರಿತು. 2011ರಲ್ಲಿ ಫುಕುಶಿಮಾ ದುರಂತವಾದ ಮರುತಿಂಗಳು ಗಾಯಕ ಕಜುಯೊಶಿ ಸೈತೊ, ಸೌಂದರ್ಯವರ್ಧಕದ ಜಾಹೀರಾತಿಗೆಂದು ತಾವೇ ಹಾಡಿದ್ದ ಪ್ರೇಮಗೀತೆಯ ಪದ ಬದಲಿಸಿ ಹೇಳಿದ್ದೆಲ್ಲ ಸುಳ್ಳು ಎಂದು ಹಾಡಿದ್ದು ಈ ಪರಂಪರೆಯ ಮುಂದುವರಿಕೆ.

ಎಂಬತ್ತರ ದಶಕದ ಕೊನೆಗೆ ಟೋಕಿಯೊದ ಹಾರಾಜುಕುವಿನಲ್ಲಿ ಭಾನುವಾರ ವಾಹನ ನಿಲ್ಲಿಸಿದ ರಸ್ತೆಯಲ್ಲಿ ಸಾಲು ತಂಡಗಳು ಆಂಪ್ಲಿಫೈಯರ್ ಇಟ್ಟು ನುಡಿಸುತ್ತಿದ್ದವು. ಹವ್ಯಾಸಿ ತಂಡಗಳನ್ನು ಪೈಪೋಟಿಗೆ ಬಿಡುವ ಮಧ್ಯರಾತ್ರಿಯ ಟಿವಿ ಕಾರ್ಯಕ್ರಮ 1989ರಲ್ಲಿ ಮನೆಮಾತಾಯಿತು. ಬ್ಲೂ ಹಾರ್ಟ್ಸ್ ಪಂಕ್ ಸಂಗೀತಕ್ಕೆ ಶಾಲಾ ಹುಡುಗನಿಗೂ ತಿಳಿಯುವ ಮಾತು ಕೊಟ್ಟಿತು. ಚಿಬಾ ಪ್ರಾಂತದ ತತೆಯಾಮಾದಲ್ಲಿ ಬಾಲ್ಯದ ಗೆಳೆಯರಾದ ಯೊಶಿಕಿ ಮತ್ತು ತೊಶಿ 1982ರಲ್ಲಿ ಶುರು ಮಾಡಿದ ಎಕ್ಸ್ ತಂಡವನ್ನು ಕಂಪನಿಗಳು ಮೂಸಿ ನೋಡದಿದ್ದಾಗ ಯೊಶಿಕಿ 1986ರಲ್ಲಿ ತಮ್ಮದೇ ಲೇಬಲ್ ತೆರೆದರು. ಆಕಾಶಕ್ಕೆ ನಿಲ್ಲಿಸಿದ ಬಣ್ಣದ ಕೂದಲು, ಮುಖದ ತುಂಬ ಬಣ್ಣ, ಪಿಯಾನೊ ಮತ್ತು ಅತಿವೇಗದ ಮೆಟಲ್: ಇದೇ 'ವಿಶುವಲ್ ಕೆಯಿ' ಎಂಬ ಪಂಥವಾಯಿತು. ಅವರ ಗಿಟಾರ್ ವಾದಕ ಹಿದೆ 1998ರ ಮೇ 2ರಂದು ತೀರಿಕೊಂಡಾಗ ಟೋಕಿಯೊದ ತ್ಸುಕಿಜಿ ಹೊಂಗಾನ್‌ಜಿ ದೇವಾಲಯಕ್ಕೆ ಹತ್ತಾರು ಸಾವಿರ ಜನ ಬಂದರು.

ಅದೇ 1998 ಜಪಾನಿನ ರೆಕಾರ್ಡ್ ಉದ್ಯಮದ ಶಿಖರ. ಆ ವರ್ಷ ತಯಾರಾದ ರೆಕಾರ್ಡಿಂಗ್‌ಗಳ ಮೌಲ್ಯ ಸುಮಾರು 60,000 ಕೋಟಿ ಯೆನ್. ಮರುವರ್ಷದ ಜುಲೈ 31ರಂದು ಗ್ಲೇ ತಂಡ ಮಕುಹಾರಿಯ ವಾಹನ ನಿಲುಗಡೆಯ ಬಯಲಿನಲ್ಲಿ ಒಂದೇ ದಿನ 2 ಲಕ್ಷ ಜನರ ಮುಂದೆ ಹಾಡಿತು. ಈ ಸ್ಥಿತಿಯಲ್ಲಿರುವ ತಂಡಕ್ಕೆ ಕ್ಯಾಲಿಫೋರ್ನಿಯಾದ ಕ್ಲಬ್ಬಿನಲ್ಲಿ ಮುನ್ನೂರು ಜನರ ಮುಂದೆ ಹಾಡಿ ಬಾ ಎಂದರೆ ಹೋಗುತ್ತದೆಯೇ? ಹೋದವರೂ ಇದ್ದರು ಅನ್ನಿ. ಲೌಡ್‌ನೆಸ್ 1985ರಲ್ಲಿ ಅಮೆರಿಕದ ಪಟ್ಟಿಯಲ್ಲಿ 74ನೇ ಸ್ಥಾನ ಕಂಡಿತು, ಒಸಾಕಾದ ಶೊನೆನ್ ನೈಫ್ 1991ರಲ್ಲಿ ಅಮೆರಿಕದ ನಿರ್ವಾಣ ತಂಡದ ಜೊತೆ ಬ್ರಿಟನ್ ಸುತ್ತಿತು. ಅವರು ಹೊರಗೆ ಹೆಸರಾದರು, ಊರಿನ ಲೆಕ್ಕದಲ್ಲಿ ಅಂಚಿನವರು.

ಉದ್ಯಮದ ಲೆಕ್ಕಾಚಾರವೂ ಬಾಗಿಲು ಮುಚ್ಚಿಡುವುದಕ್ಕೇ ಅನುಕೂಲವಾಗಿತ್ತು. ಜಪಾನಿನಲ್ಲಿ ಪುಸ್ತಕ, ಪತ್ರಿಕೆಗಳಂತೆ ಸಿಡಿಗೂ ತಯಾರಕರು ನಿಗದಿ ಮಾಡಿದ ಬೆಲೆಗೇ ಮಾರಬೇಕೆಂದು ಕಟ್ಟುಹಾಕಲು ಕಾನೂನಿನ ವಿನಾಯಿತಿ ಇದೆ. ಒಂದು ಆಲ್ಬಮ್‌ಗೆ ಸುಮಾರು 3,000 ಯೆನ್, ರಿಯಾಯಿತಿಯ ಮಾತಿಲ್ಲ. ಅಷ್ಟು ಲಾಭದ ತಟ್ಟೆಯನ್ನು ಯಾರು ಬಿಡುತ್ತಾರೆ? ಹಾಗಾಗಿ ಯೂಟ್ಯೂಬಿನಲ್ಲಿ ಹಾಡಿನ ಒಂದು ನಿಮಿಷದ ತುಣುಕಷ್ಟೇ ಹಾಕುವುದು, ಹೊರದೇಶದಿಂದ ನೋಡಿದರೆ ತೆರೆಯದ ಹಾಗೆ ಮಾಡುವುದು ಬಹಳ ಕಾಲ ನಡೆಯಿತು. ಸ್ಪಾಟಿಫೈ ಜಪಾನಿಗೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಕೊರಿಯಾದವರ ಊರಿನ ಮಾರುಕಟ್ಟೆ ಚಿಕ್ಕದು, ಅವರು ಮೊದಲ ದಿನದಿಂದಲೇ ಹೊರಗೆ ಕಣ್ಣಿಟ್ಟರು. ಜಪಾನಿನವರಿಗೆ ಆ ಗರಜು ಇರಲಿಲ್ಲ.

ಬಾಗಿಲು ಮುಚ್ಚಿದ್ದರೂ ಕಿಟಕಿಯಿಂದ ಹೊರಬಿದ್ದದ್ದು ಅನಿಮೆ, ಅಂದರೆ ಜಪಾನಿನ ಕಾರ್ಟೂನು ಸರಣಿಗಳು. ಬೆಂಗಳೂರಿನಲ್ಲಿ ನರುಟೊ ನೋಡಿ ಬೆಳೆದವರಿಗೆ ಅದಕ್ಕೆ ಹಾಡಿದ ಏಷ್ಯನ್ ಕುಂಗ್-ಫು ಜನರೇಶನ್ ತಂಡದ ಹೆಸರು ಗೊತ್ತಿಲ್ಲದೆಯೂ ಅವರ ಗಿಟಾರ್ ಕಿವಿಯಲ್ಲಿ ಕೂತಿದೆ. ಅನಿಮೆಯ ಆರಂಭಗೀತೆಗೆ ಸಿಗುವ ಅವಧಿ ಸುಮಾರು ಒಂದೂವರೆ ನಿಮಿಷ. ಜಪಾನಿನ ವಾದಕರು ಹಾಡನ್ನು ಎ-ಮೆಲೊ, ಬಿ-ಮೆಲೊ, ಸಾಬಿ ಎಂದು ಮೂರು ಪಾಲು ಮಾಡಿ ಮಾತಾಡುತ್ತಾರೆ. ಎ ಕಥೆ ಶುರು ಮಾಡುತ್ತದೆ, ಬಿ ನೆಲವನ್ನು ಸ್ವಲ್ಪ ಓರೆ ಮಾಡುತ್ತದೆ, ಸಾಬಿ ಜನ ಗುನುಗುವ ಭಾಗ. ಈ ಮೂರೂ ಒಂದೂವರೆ ನಿಮಿಷದಲ್ಲಿ ಮುಗಿಯಬೇಕು, ಜೊತೆಗೆ ಮೊದಲ ಕೆಲವು ಸೆಕೆಂಡಿನಲ್ಲೇ ಗಿಟಾರ್ ಹಿಡಿದು ಕೂರಿಸಬೇಕು. ಈ ಒತ್ತಡ ಇಡೀ ಒಂದು ತಲೆಮಾರಿನ ಹಾಡುಗಳ ಆಕಾರವನ್ನೇ ಬದಲಿಸಿತು: ವೇಗ ಜಾಸ್ತಿ, ಪೀಠಿಕೆ ಕಡಿಮೆ, ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹೆಜ್ಜೆ ಹೆಜ್ಜೆಗೂ ಬದಲು. ಸಾಬಿಯಲ್ಲಿ ಪದೇ ಪದೇ ಬರುವ ಒಂದು ಸ್ವರಮೇಳದ ನಡೆಗೆ ಅಲ್ಲಿನವರು 'ರಾಜಮಾರ್ಗ' ಎಂದೇ ಹೆಸರಿಟ್ಟಿದ್ದಾರೆ: ನಾಲ್ಕನೇ ಸ್ವರದ ಮೇಳದಿಂದ ಹೊರಟು ಐದು, ಮೂರು ದಾಟಿ ಆರಕ್ಕೆ ಇಳಿಯುವುದು. ಮನೆಗೆ ಬಂದಂತಾಗಿಯೂ ಬಾರದ ಆ ಭಾವವೇ ಹೊರಗಿನವರಿಗೆ 'ಜಪಾನೀ' ಎಂದು ಕೇಳಿಸುವುದು. ಭಾಷೆ ತಿಳಿಯದೆಯೂ ಕೇಳಿಸುತ್ತದೆ. ಐವತ್ತು ವರ್ಷ ಹಿಂದಿನ ವಾಗ್ವಾದಕ್ಕೆ ಉತ್ತರ ಸಿಕ್ಕಿದ್ದು ಹೀಗೆ, ಇಬ್ಬರೂ ಊಹಿಸದ ಕಡೆಯಿಂದ.

ಈಗ ಸರಕಾರವೂ ಕಣ್ಣು ಬಿಟ್ಟಿದೆ. ಅನಿಮೆ, ವಿಡಿಯೊ ಗೇಮ್, ಸಂಗೀತ ಎಲ್ಲ ಸೇರಿ 2033ರೊಳಗೆ ಹೊರದೇಶದ ಮಾರಾಟವನ್ನು 20 ಲಕ್ಷ ಕೋಟಿ ಯೆನ್‌ಗೆ ಏರಿಸುವುದು ಅದರ ಗುರಿ. ಪ್ರಶಸ್ತಿ ಸಮಾರಂಭ, ವಿದೇಶ ಪ್ರವಾಸಕ್ಕೆ ನೆರವು ಎಲ್ಲವೂ ಶುರುವಾಗಿವೆ. ಆದರೆ ಈ ನೆರವು ತಲುಪುವುದು ಆಗಲೇ ಮೇಲೇರಿದವರನ್ನು. ತಂಡಗಳು ಹುಟ್ಟುವ ಜಾಗದ ಲೆಕ್ಕ ಬೇರೆಯೇ ಇದೆ.

ಆ ಜಾಗದ ಹೆಸರು 'ಲೈವ್ ಹೌಸ್'. ಟೋಕಿಯೊದ ಶಿಮೊಕಿತಜಾವಾದಂಥ ಬಡಾವಣೆಗಳಲ್ಲಿ ನೆಲಮಾಳಿಗೆಯಲ್ಲಿರುವ, ನೂರಿನ್ನೂರು ಜನ ನಿಲ್ಲಬಹುದಾದ ಕೋಣೆ. 2022ರ 'ಬೊಚ್ಚಿ ದ ರಾಕ್!' ಅನಿಮೆ ನೋಡಿದವರಿಗೆ ಈ ಕೋಣೆ ಚೆನ್ನಾಗಿ ಗೊತ್ತು. ಬಾಗಿಲಲ್ಲಿ ಟಿಕೆಟ್ ಕೇಳುವವರು ಮೊದಲು ಕೇಳುವ ಪ್ರಶ್ನೆ: ಇವತ್ತು ಯಾವ ತಂಡವನ್ನು ನೋಡಲು ಬಂದಿರಿ? ನೀವು ಹೇಳಿದ ಹೆಸರಿನ ಮುಂದೆ ಒಂದು ಗೆರೆ ಬೀಳುತ್ತದೆ. ಒಳಗೆ ಹೋಗಲು ಟಿಕೆಟ್ ಜೊತೆ ಪಾನೀಯಕ್ಕೆಂದು 600 ಯೆನ್ ಆಸುಪಾಸು ಕೊಡಲೇಬೇಕು, ಏಕೆಂದರೆ ಇಂಥ ಬಹುತೇಕ ಜಾಗಗಳು ಪರವಾನಗಿ ಪಡೆದಿರುವುದು ಹೋಟೆಲ್ಲಿನಂತೆ ತಿಂಡಿ ಪಾನೀಯದ ವ್ಯಾಪಾರಕ್ಕೆ. ರಂಗಮಂದಿರದ ಪರವಾನಗಿಯ ನಿಯಮಗಳು ನೆಲಮಾಳಿಗೆಗೆ ನಿಲುಕುವಂಥವಲ್ಲ.

ಆ ಗೆರೆಗಳ ಅರ್ಥ ಕಾರ್ಯಕ್ರಮ ಮುಗಿದ ಮೇಲೆ ತಿಳಿಯುತ್ತದೆ. ತಂಡಕ್ಕೆ ಮೊದಲೇ ಇಂತಿಷ್ಟು ಟಿಕೆಟ್ ಮಾರಬೇಕೆಂಬ ಕೋಟಾ ಇರುತ್ತದೆ, ಅದಕ್ಕೆ 'ನೊರುಮಾ' ಎನ್ನುತ್ತಾರೆ. 2,000 ಯೆನ್‌ನ ಟಿಕೆಟ್ 20 ಎಂದಿಟ್ಟುಕೊಳ್ಳಿ. ಗೆರೆ ಬಿದ್ದದ್ದು ಎಂಟೇ ಆದರೆ ಉಳಿದ 24,000 ಯೆನ್ ತಂಡದ ಜೇಬಿನಿಂದ. ನಾಲ್ವರಿದ್ದರೆ ತಲಾ 6,000. ಅರ್ಧ ಗಂಟೆ ನುಡಿಸಿದ್ದಕ್ಕೆ ಸಿಕ್ಕ ಸಂಭಾವನೆಯಲ್ಲ ಅದು, ತೆತ್ತ ಬಾಡಿಗೆ. ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಒಳ್ಳೆಯ ಡ್ರಮ್ಸ್, ಆಂಪ್ಲಿಫೈಯರ್, ಧ್ವನಿ ನೋಡಿಕೊಳ್ಳುವ ನುರಿತ ಕೈ ಎಲ್ಲವನ್ನೂ ಅವರು ಇಟ್ಟಿರುತ್ತಾರೆ. ಗಿಟಾರ್ ಹೊತ್ತು ರೈಲಿನಲ್ಲಿ ಬಂದರೆ ಸಾಕು. ಜಪಾನಿನ ಹೊಸ ತಂಡಗಳೂ ಅಷ್ಟು ಬಿಗಿಯಾಗಿ ನುಡಿಸುವುದಕ್ಕೆ ಈ ಕೋಣೆಗಳ ಸಲಕರಣೆಯೇ ಒಂದು ಕಾರಣ ಎಂದು ನನ್ನ ಅನಿಸಿಕೆ. ಆದರೆ ಈ ವ್ಯವಸ್ಥೆಯಲ್ಲಿ ಲೈವ್ ಹೌಸಿನ ನಿಜವಾದ ಗಿರಾಕಿ ಕೇಳುಗನಲ್ಲ, ತಂಡವೇ. ತಂಡದ ಟಿಕೆಟ್ ಕೊಳ್ಳುವವರು ಸಹಪಾಠಿಗಳು, ಅರೆಕಾಲಿಕ ಕೆಲಸದಲ್ಲಿ ಜೊತೆಗಿರುವವರು, ಅದೇ ರಾತ್ರಿ ನುಡಿಸುವ ಬೇರೆ ತಂಡದವರು.

ಅಂದರೆ ಇಡೀ ಗೋಪುರ ನಿಂತಿರುವುದು ಊರಿನಲ್ಲಿ ಹದಿನೆಂಟು ಇಪ್ಪತ್ತು ವಯಸ್ಸಿನವರು ಎಷ್ಟಿದ್ದಾರೆ ಎಂಬುದರ ಮೇಲೆ. ಪ್ರೌಢಶಾಲೆಯ 'ಲಘುಸಂಗೀತ ಸಂಘ'ಗಳಲ್ಲಿ ಗಿಟಾರ್ ಹಿಡಿದು, ಕಾಲೇಜಿನಲ್ಲಿ ತಂಡ ಕಟ್ಟಿ, ನೊರುಮಾ ತೆತ್ತು ಮೇಲೆ ಬರುವವರು ಅವರೇ. 1992ರಲ್ಲಿ ಜಪಾನಿನಲ್ಲಿ ಹದಿನೆಂಟು ತುಂಬಿದವರು ಸುಮಾರು 20 ಲಕ್ಷ. ಈಗ ಸುಮಾರು 11 ಲಕ್ಷ. ನೊರುಮಾ ಕೈಬಿಟ್ಟು ಪಾನೀಯದ ಹಣದಲ್ಲೇ ನಡೆಸಲು ನೋಡುವ ಲೈವ್ ಹೌಸುಗಳಿವೆ, ಬಾಗಿಲಲ್ಲಿ ಹೊರದೇಶದ ಪ್ರವಾಸಿಗರಿಗಾಗಿ ಇಂಗ್ಲಿಷ್ ಫಲಕ ಹಾಕಿದವೂ ಇವೆ. ಆದರೆ ಪ್ರವಾಸಿ ಹುಡುಕಿ ಬರುವುದು ಹೆಸರಾದ ತಂಡವನ್ನು. ಮಂಗಳವಾರ ಸಂಜೆ ಮೂರನೆಯದಾಗಿ ನುಡಿಸುವ, ಆಲ್ಬಮ್ಮೇ ಇಲ್ಲದ ತಂಡದ ಹೆಸರಿನ ಮುಂದೆ ಗೆರೆ ಎಳೆಸಲು ಅವನು ಬರುವುದಿಲ್ಲ. 20 ಲಕ್ಷ ಕೋಟಿಯ ಗುರಿಯವರು ಆ ಮಂಗಳವಾರದ ಕೊರತೆಯನ್ನು ಯಾರು ತುಂಬಬೇಕೆಂದು ಇನ್ನೂ ಹೇಳಿಲ್ಲ.